ಯಜಮಾನರಿಗೆ ಹೇಳದ ಪಾಸ್‌ವರ್ಡ್

ನಿಪ್ಪಾಣಿಯ ನಮ್ಮ ಮನೆಯಲ್ಲಿ ಎಟಿಎಂ ಕಾರ್ಡಿನ ಗುಟ್ಟಿನ ಅಂಕಿ ಅತ್ತೆಗೂ ಗೊತ್ತು, ನಾದಿನಿಗೂ ಗೊತ್ತು. ಸೊಸೆ ಕಪಾಟಿಗೆ ಬೀಗ ಹಾಕಿದಳೆಂದರೆ ತವರಿಗೆ ಏನೋ ಸಾಗಿಸುತ್ತಿದ್ದಾಳೆ ಎಂದೇ ಅರ್ಥ. ಇಂಥ ಮನೆಯಲ್ಲಿ ಕೂತು ನಾನು, ಎಲ್ಲರೂ ಪುಕ್ಕಟೆ ಬಳಸುವ ಕಂಪ್ಯೂಟರ್ ತಂತ್ರಾಂಶಗಳನ್ನು ಕನ್ನಡಕ್ಕೆ ಅನುವಾದ ಮಾಡುತ್ತೇನೆ.

ಅನುವಾದವನ್ನು ನನ್ನ ಹೆಸರಿನಲ್ಲೇ ನೇರವಾಗಿ ಸೇರಿಸಲು ನನಗೊಂದು ಕೀಲಿ ಬೇಕೆಂದು ಆ ತಂತ್ರಾಂಶ ನೋಡಿಕೊಳ್ಳುವ ತಂಡದವರು ಹೇಳಿದರು. ಕಬ್ಬಿಣದ್ದಲ್ಲ, ಕಂಪ್ಯೂಟರಿನೊಳಗಿನದು. ಅದರ ಒಂದು ಭಾಗ ಊರಿಗೆಲ್ಲ ಕೊಡುವಂಥದ್ದು, ಇನ್ನೊಂದು ಪಾಸ್‌ವರ್ಡ್ ಹಾಕಿ ಗುಟ್ಟಾಗಿ ಇಟ್ಟುಕೊಳ್ಳುವಂಥದ್ದು. ಊರಿಗೆ ಕೊಟ್ಟ ಭಾಗ ನಿಜವಾಗಿ ನನ್ನದೇ ಎಂದು, ಮೊದಲೇ ತಂಡದಲ್ಲಿರುವ ಒಬ್ಬರು ನನ್ನನ್ನು ಎದುರೆದುರು ಕಂಡು ಅದಕ್ಕೆ ತಮ್ಮ ಕೀಲಿಯಿಂದ ಸಹಿ ಹಾಕಬೇಕು. ಹತ್ತಿರ ಇದ್ದವರು ಅಥಣಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಮೇಡಂ ಒಬ್ಬರೇ. ನಡುವೆ ಚಿಕ್ಕೋಡಿಯಲ್ಲಿ ಸೇರೋಣವೆಂದರು.

ಯಜಮಾನರೇ ಗಾಡಿಯಲ್ಲಿ ಕರೆದುಕೊಂಡು ಹೋದರು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮೇಡಂ ನನ್ನ ಆಧಾರ್ ಕಾರ್ಡನ್ನೂ ಮುಖವನ್ನೂ ಕನ್ಯೆ ನೋಡಲು ಬಂದವರ ಹಾಗೆ ತಿರುತಿರುಗಿ ನೋಡಿದರು. ಕೀಲಿಯ ಗುರುತಾದ ಅಕ್ಷರ-ಅಂಕಿಗಳ ಉದ್ದನೆಯ ಸಾಲನ್ನು ನಾನು ಓದುತ್ತ ಹೋದೆ, ಅವರು ತಮ್ಮ ಹಾಳೆಯಲ್ಲಿ ಟಿಕ್ ಹಾಕುತ್ತ ಬಂದರು. ಎಲ್ಲ ಸರಿಹೋಯಿತು.

"ಪಾಸ್‌ವರ್ಡ್ ನಿಮ್ಮೊಬ್ಬರಿಗೇ ಗೊತ್ತೈತಿ, ಹೌದಲ್ರಿ ಅಕ್ಕಾರ?"

"ಹೌದ್ರಿ" ಎಂದೆ.

ಚಹಾ ಕುಡಿಯುತ್ತಿದ್ದ ಯಜಮಾನರು ನಕ್ಕರು. "ನಂಗೂ ಗೊತ್ತೈತ್ರಿ ಮೇಡಂ. ನಾನ ಇಟ್ಟು ಕೊಟ್ಟೇನಿ. ನಮ್ಮ ಮನ್ಯಾಗ ಒಬ್ಬರಿಗೊಬ್ಬರು ಮುಚ್ಚಿಡೂದು ಏನೂ ಇಲ್ರಿ."

ಎಷ್ಟು ಹೆಮ್ಮೆಯಿಂದ ಹೇಳಿದರು! ಮೇಡಂ ಹಾಳೆ ಮಡಚಿದರು. "ಹಂಗಾದ್ರ ಇದು ನಿಮ್ಮೊಬ್ಬರದ ಅಲ್ಲಲ್ರಿ. ನಂಗ ಸಹಿ ಮಾಡಾಕ ಬರೂದಿಲ್ಲ. ಹೊಸಾದು ಮಾಡ್ಕೊಂಡು ಬರ್ರಿ."

ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ, ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಅವರು ಬೈಯಲಿಲ್ಲ. ನನ್ನ ಸುಳ್ಳು ಸಿಕ್ಕಿಬಿದ್ದಿತ್ತು, ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆದರೆ ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು, ಏನಾಯಿತೆಂದು ತಿಳಿಯದೆ ಎಲ್ಲರಿಗೂ ಇನ್ನೊಂದು ಚಹಾ ಹೇಳುತ್ತಿದ್ದ ಗಂಡನನ್ನು ಕಂಡು. ಆ ನಾಚಿಕೆಗೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮನೆಗೆ ಬಂದು ಹೊಸ ಕೀಲಿ ಮಾಡಿಕೊಳ್ಳಲು ಕೂತೆ. ಅವರು ಎಂದಿನಂತೆ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು.

"ರೀ, ಸ್ವಲ್ಪ ಆ ಕಡೆ ಹೋಗ್ರಿ."

"ಯಾಕ?"

"ಪಾಸ್‌ವರ್ಡ್ ಹಾಕಬೇಕ್ರಿ."

ಮೊದಲು ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಕುರ್ಚಿಯನ್ನು ಎತ್ತಿ ಮೊದಲಿದ್ದಲ್ಲೇ ಇಟ್ಟರು. "ನನ್ನ ಮ್ಯಾಲೂ ನಂಬಿಕಿ ಇಲ್ಲೇನ ನಿನಗ?" ಎಂದು ಅಂಗಡಿಗೆ ಹೊರಟರು. ಅದು ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಿಸಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾವು ಜಗಳವನ್ನೇ ಆಡಲಿಲ್ಲ, ಹೀಗಾಗಿ ಅದು ಮುಗಿಯಲೂ ಇಲ್ಲ.

ಈ ಸಲ ಒಬ್ಬಳೇ ಬಸ್ಸು ಹಿಡಿದು ಅಥಣಿಗೆ ಹೋದೆ. ಮೇಡಂ ಅದೇ ಪ್ರಶ್ನೆ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. ಈಗ ಅದು ನಿಜವಾಗಿತ್ತು. ಅವರು ಸಹಿ ಮಾಡಿದರು. ನನ್ನ ಹೆಸರಿನಲ್ಲಿ ಮೊದಲ ಅನುವಾದ ಸೇರಿದ ದಿನ ಖುಷಿಯಿಂದ ಯಜಮಾನರಿಗೆ ತೋರಿಸಿದೆ. "ಛಲೋ ಆತು" ಎಂದರು, ಅಷ್ಟೇ.

ಮೊನ್ನೆ ತವರಿಗೆ ಫೋನ್ ಮಾಡಬೇಕಿತ್ತು. ನನ್ನ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲವೆಂದು ಅವರದನ್ನು ಎತ್ತಿಕೊಂಡೆ. ಎಂದೂ ಇಲ್ಲದ್ದು, ಅದು ಪಾಸ್‌ವರ್ಡ್ ಕೇಳಿತು. ಊಟಕ್ಕೆ ಕೂತಿದ್ದವರು ಎಡಗೈ ಚಾಚಿ ಇಸಿದುಕೊಂಡರು, ನನಗೆ ಕಾಣದಂತೆ ಎದೆಗೆ ಹತ್ತಿರ ಹಿಡಿದು ಒತ್ತಿದರು, ತೆರೆದು ಕೊಟ್ಟರು.

"ತಗೋ, ಮಾತಾಡು" ಎಂದರು.

ಅಂಕಿ ಯಾವುದೆಂದು ಕೇಳಲು ನನಗೆ ಮುಖವಿರಲಿಲ್ಲ.