ನಡುವೆ ಒಂದು ‘ಆಹೆ’

ಇವತ್ತು ಮರಾಠಿ ನಾಡಿನ ನಿಲಂಗಾದ ನನ್ನ ಟ್ಯೂಷನ್ ಕ್ಲಾಸಿನಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಇಂಗ್ಲಿಷಿನಲ್ಲಿ ‘ಮೈ ಮದರ್ ಎ ಟೇಲರ್’ ಎಂದು ಬರೆದಳು, ಸ್ನೇಹಿತರೇ. ಕರ್ತೃ ಸರಿ, ಅದರ ಪೂರಕವೂ ಸರಿ, ಎರಡನ್ನೂ ಜೋಡಿಸುವ ‘ಈಸ್’ ಮಾತ್ರ ಇಲ್ಲ. ಉಳಿದವರೆಲ್ಲ ಮರಾಠಿ ಮನೆಯ ಮಕ್ಕಳು. ಅವರ ಭಾಷೆಯಲ್ಲೇ ‘ಈಸ್’ಗೆ ‘ಆಹೆ’ ಇದೆಯಲ್ಲ, ಯಾರೂ ತಪ್ಪಿರಲಿಲ್ಲ.

“‘ಆಹೆ’ ಕುಠೆ ಗೇಲಂ?” ಅದೆಲ್ಲಿ ಹೋಯಿತು ಎಂದು ಮರಾಠಿಯಲ್ಲೇ ಗದರಿದೆ.

ಗಾಬರಿಯಲ್ಲಿ ಅವಳು ಕನ್ನಡಕ್ಕೆ ಇಳಿದಳು. “ಸರ್, ನಮ್ಮ ಮನ್ಯಾಗ ‘ನಮ್ಮವ್ವ ಟೇಲರ್’ ಅಂದ್ರ ಮುಗೀತರೀ. ನಡುವ ಏನೂ ಬರಂಗಿಲ್ರೀ.”

ಎಷ್ಟು ಸರಿಯಾದ ಉತ್ತರ! ಮಕ್ಕಳು ನಕ್ಕರು. ನಾನೂ ನಕ್ಕು, “ಮಲಾ ಕನ್ನಡ ಯೇತ ನಾಹೀ” ಎಂದುಬಿಟ್ಟೆ, ನನಗೆ ಕನ್ನಡ ಬರುವುದಿಲ್ಲ ಎಂದು. ಭಾಲ್ಕಿಯಿಂದ ಮದುವೆಯಾಗಿ ಬಂದ ನಮ್ಮವ್ವ ಬೆಳಿಗ್ಗೆ ತಾನೇ “ಎರಡ ರೊಟ್ಟಿ ತಿಂದ ಹೋಗೋ” ಎಂದು ಬಾಗಿಲವರೆಗೆ ಬಂದಿದ್ದಳು.

ಆಮೇಲೆ ನನ್ನ ಬಗ್ಗೆಯೇ ಒಂದು ವಾಕ್ಯ ಬರೆಯಲು ಹೇಳಿದೆ. ಭಾಗ್ಯಶ್ರೀ ಬರೆದಳು: ‘ಸರ್ ಈಸ್ ಎ ಮರಾಠಿ ಮ್ಯಾನ್.’ ನೋಟ್‌ಬುಕ್ ಮುಂದೆ ಹಿಡಿದು ಸರಿಯಿದೆಯೇ ಎಂದು ಈ ಸಲ ಮರಾಠಿಯಲ್ಲೇ ಕೇಳಿದಳು, “ಬರೋಬರ್ ಆಹೆ ನಾ, ಸರ್?”

“ಆಹೆ” ಎಂದು ಟಿಕ್ ಹಾಕಿದೆ.

ನಡುವೆ ‘ಈಸ್’ ಬಂದರೆ ಕರ್ತೃವೂ ಪೂರಕವೂ ಒಬ್ಬರೇ ಆಗಿರಬೇಕೆಂಬ ನಿಯಮ ಬೋರ್ಡಿನ ಮೇಲೆ ನನ್ನ ಅಕ್ಷರದಲ್ಲೇ ಇತ್ತು. ಅದನ್ನು ಒರೆಸಿ ಮನೆಗೆ ಬಂದೆ.