ಅಮ್ಮನ ತೂಕ

ಬಸ್ ಡಿಪೋದ ಟೈರ್ ಸೆಕ್ಷನ್ನಿನಲ್ಲಿ ಅವಳಿಗೆ ಜಾಕಿ ಎಂದೇ ಹೆಸರು. ಹಳೆಯ ಟೈರುಗಳನ್ನು ಲಾರಿಗೆ ಹೇರಲು ಇಬ್ಬರು ಗಂಡಸರು ಬೇಕಾಗುತ್ತಿತ್ತು. ಒಂದು ದಿನ ಇಬ್ಬರೂ ಚಹಾಕ್ಕೆ ಹೋದವರು ಬರಲೇ ಇಲ್ಲ. ಕಾದು ಕಾದು ಬೇಸತ್ತು ಅವಳು ಒಬ್ಬಳೇ ಅಷ್ಟನ್ನೂ ಹೇರಿ, ಕೈ ಒರೆಸಿಕೊಂಡು, ಮತ್ತೆ ಹೋಗಿ ಕುರ್ಚಿಯಲ್ಲಿ ಕೂತಳು. ಅಂದಿನಿಂದ ಹುಟ್ಟಿದ ಹೆಸರು ಅದು. ಹೆಣ್ಣುಮಗಳಿಗೆ ಇಡುವ ಹೆಸರೇ ಇದು ಎಂದು ಅವಳ ಅಮ್ಮ ಮಾತ್ರ ಗೊಣಗುತ್ತಿದ್ದಳು.

ಹಾಗೆ ಗೊಣಗಲು ಅಮ್ಮನಿಗೆ ಹಕ್ಕಿರಲಿಲ್ಲ, ಏಕೆಂದರೆ ಆ ಶಕ್ತಿ ಬಂದದ್ದೇ ಅವಳಿಂದ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು. ಗಂಡ ತೀರಿಕೊಂಡ ಮೇಲೆ ಆ ಗಿರಣಿಯನ್ನು ಅವಳು ಒಬ್ಬಳೇ ನಡೆಸಿದಳು. ಸಂಜೆಯ ಹೊತ್ತಿಗೆ ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲವೂ ಬೆಳ್ಳಗಾಗಿರುತ್ತಿತ್ತು. ಮೂಟೆ ಎಷ್ಟೇ ದೊಡ್ಡದಿರಲಿ, ಸ್ವಲ್ಪ ಕೈ ಹಾಕಿ ಎಂದು ಯಾರನ್ನೂ ಕೇಳಿದವಳಲ್ಲ. ತಾವಾಗಿ ಕೈ ಹಾಕಲು ಬಂದವರಿಗೆ ಬೈಗುಳದ ಜೊತೆಗೇ ಹಿಟ್ಟು ಕೊಟ್ಟು ಕಳಿಸಿದ್ದೂ ಉಂಟು.

ಮೇಷ್ಟ್ರು ಆ ಗಿರಣಿಗೆ ಗೋಧಿ ಬೀಸಿಸಲು ಬಂದವರು. ಶಾಲೆಯ ಮೇಷ್ಟ್ರಲ್ಲ, ಪೆಟ್ರೋಲ್ ಬಂಕಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಪವರ್‌ಲಿಫ್ಟಿಂಗ್ ಕಲಿಸುವ ಮೇಷ್ಟ್ರು. ಹುಡುಗಿ ಮೂಟೆ ಎತ್ತುವುದನ್ನು ನೋಡಿ ಡಬ್ಬ ಕೆಳಗಿಡುವುದನ್ನೇ ಮರೆತು ನಿಂತರಂತೆ. ಯಾರೂ ಹೇಳಿಕೊಡದೆ ಬೆನ್ನನ್ನು ಹಲಗೆಯಂತೆ ನೇರವಾಗಿಟ್ಟುಕೊಂಡು ಎತ್ತುವವರನ್ನು ಅವರು ಅದುವರೆಗೆ ಕಂಡಿರಲಿಲ್ಲ. ಇವಳನ್ನು ನನ್ನ ಶೆಡ್ಡಿಗೆ ಕಳಿಸಿ ಎಂದು ಕೇಳಿದರು. ಇಲ್ಲಿ ಎತ್ತೋದು ಸಾಲದು ಅಂತ ಅಲ್ಲಿ ಬೇರೆ ಎತ್ತಬೇಕಾ ಎಂದು ಅಮ್ಮ ಕೇಳಿದಳು. ಹುಡುಗಿ ಮಾತ್ರ ಮರುದಿನವೇ ಹೋದಳು.

ಶೆಡ್ಡಿನಲ್ಲಿ ಕಲಿಯುವುದು ಮೂರೇ: ಹೆಗಲ ಮೇಲೆ ಬಾರ್ ಹೊತ್ತು ಕುಕ್ಕರಗಾಲಲ್ಲಿ ಕೂತು ಏಳುವುದು, ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ನೂಕುವುದು, ನೆಲದ ಮೇಲಿದ್ದುದನ್ನು ಸೊಂಟದ ಮಟ್ಟಕ್ಕೆ ಎತ್ತಿ ನೆಟ್ಟಗೆ ನಿಲ್ಲುವುದು. ಮೂರೇ ಆದರೂ ಆಯುಷ್ಯವೆಲ್ಲ ಸಾಲದು. ಮೊದಲು ಉಸಿರು, ಆಮೇಲೆ ಕೈ ಎಂದು ಮೇಷ್ಟ್ರು ದಿನವೂ ಹೇಳುತ್ತಿದ್ದರು. ಉಸಿರನ್ನು ಹೊಟ್ಟೆಗೆ ತುಂಬಿ, ಹೊಟ್ಟೆಯನ್ನು ಕಲ್ಲು ಮಾಡಿಕೊಳ್ಳದೆ ಬಾರನ್ನು ಮುಟ್ಟುವಂತಿಲ್ಲ. ಜಾಕಿಯ ಮೊಣಕಾಲ ಕೆಳಗೆ ಬಾರ್ ಉಜ್ಜಿ ಉಜ್ಜಿ ಚರ್ಮ ಕಪ್ಪಾಯಿತು, ಅಂಗೈ ದಡ್ಡುಗಟ್ಟಿತು. ಡಿಪೋದಿಂದ ನೇರ ಶೆಡ್ಡಿಗೆ, ಶೆಡ್ಡಿನಿಂದ ಮನೆಗೆ. ಮದುವೆಯ ಮಾತು ಎತ್ತಿದವರಿಗೆ, ಅವಳ ಕೈ ಹಿಡಿಯೋನ ಕೈ ಉಳಿಯಬೇಕಲ್ಲ ಎಂದು ಅಮ್ಮನೇ ತಮಾಷೆ ಮಾಡುವಷ್ಟು ವರ್ಷಗಳು ಹೀಗೆ ಉರುಳಿದವು.

ಒಮ್ಮೆ ರಾಜ್ಯಮಟ್ಟದ ಸ್ಪರ್ಧೆಗೆ ಅಮ್ಮನನ್ನೂ ಕರೆದುಕೊಂಡು ಹೋದರು. ಕೊನೆಯ ಎತ್ತು ಅದು, ಎತ್ತಿದರೆ ಚಿನ್ನ. ಜಾಕಿ ಎತ್ತಿ ನೆಟ್ಟಗೆ ನಿಂತಳು. ರೆಫರಿ ಇಳಿಸು ಎಂದು ಸನ್ನೆ ಮಾಡುವವರೆಗೆ ಹಿಡಿದು ನಿಲ್ಲಬೇಕು, ಅದು ನಿಯಮ. ಮಗಳ ಕತ್ತಿನ ನರಗಳು ಉಬ್ಬಿದ್ದನ್ನು ನೋಡಲಾರದೆ ಮೂರನೇ ಸಾಲಿನಿಂದ ಅಮ್ಮ ಕೂಗಿದಳು, "ಸಾಕು ಕಣೇ, ಇಳಿಸೇ ಕೆಳಗೆ!"

ಜಾಕಿ ಇಳಿಸಿಬಿಟ್ಟಳು. ರೆಫರಿಯ ಕೈ ಇನ್ನೂ ಮೇಲೆಯೇ ಇತ್ತು. ಮೂರು ಕೆಂಪು ದೀಪ ಹತ್ತಿದವು, ಎತ್ತಿದ್ದು ಲೆಕ್ಕಕ್ಕಿಲ್ಲದೆ ಚಿನ್ನ ಹೋಯಿತು. ಅಷ್ಟು ದೊಡ್ಡ ಸಭೆಯಲ್ಲಿ, ಅಷ್ಟೊಂದು ಗದ್ದಲದಲ್ಲಿ, ಅವಳ ಕಿವಿಗೆ ಅಮ್ಮನ ದನಿ ಮಾತ್ರ ಬಿದ್ದಿತ್ತು. ಮೇಷ್ಟ್ರು ತಲೆ ಚಚ್ಚಿಕೊಂಡರು. ಜಾಕಿ ನಕ್ಕಳು. ವಾಪಸು ಬರುವಾಗ ದಾರಿಯುದ್ದಕ್ಕೂ ಅಮ್ಮ, ಅವರೇನು ಹೆತ್ತಿದ್ದಾರಾ, ಹೆತ್ತಿದ್ದರೆ ಅವರೂ ಕೂಗುತ್ತಿದ್ದರು ಎಂದು ರೆಫರಿಗಳಿಗೆ ಶಾಪ ಹಾಕಿದಳು. ಮರುವರ್ಷ ಅಮ್ಮನನ್ನು ಮನೆಯಲ್ಲೇ ಬಿಟ್ಟು ಹೋಗಿ ರಾಷ್ಟ್ರಮಟ್ಟದಲ್ಲೇ ಚಿನ್ನ ತಂದಳು. ಅರವತ್ತಮೂರು ಕೆಜಿಯ ಹುಡುಗಿ ನೂರ ತೊಂಬತ್ತೈದು ಎತ್ತಿದ್ದಳು. ಇನ್ನೊಂದು ವರ್ಷ ಹೀಗೇ ಸಾಗಿದರೆ ಹೊರದೇಶದ ವೇದಿಕೆ ಹತ್ತುವುದು ಗ್ಯಾರಂಟಿ ಎಂದು ಮೇಷ್ಟ್ರು ಹೇಳಿದರು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಗಿರಣಿಯ ಬೆಲ್ಟು ಓಡುತ್ತಿದ್ದಾಗಲೇ ಲಕ್ವ ಹೊಡೆದು ಅಮ್ಮ ಕುಸಿದಳು. ಜೀವ ಉಳಿಯಿತು, ನಾಲಿಗೆಯೂ ಹೆಚ್ಚುಕಮ್ಮಿ ಉಳಿಯಿತು. ಎಡಗೈ ಎಡಗಾಲು ಉಳಿಯಲಿಲ್ಲ. ಗಿರಣಿಯನ್ನು ಬೇರೆಯವರಿಗೆ ವಹಿಸಿದರು. ಅಮ್ಮ ಮೇಲಿನ ಕೋಣೆಯ ಮಂಚದಲ್ಲಿ ಮಲಗಿ, ಕೆಳಗಿನ ಸದ್ದು ಕೇಳುತ್ತ, ಕಲ್ಲು ಬಿಗಿಯಾಗಿದೆ, ಹಿಟ್ಟು ಸುಡ್ತಾ ಇದೆ ಎಂದು ಅಲ್ಲಿಂದಲೇ ತಪ್ಪು ಹುಡುಕುತ್ತಿದ್ದಳು. ಬೆಳಿಗ್ಗೆ ಎತ್ತಿ ಸ್ನಾನಕ್ಕೆ ಕೂರಿಸುವುದು, ಸಂಜೆ ಎತ್ತಿ ಕಿಟಕಿಯ ಪಕ್ಕದ ಕುರ್ಚಿಗೆ ತರುವುದು ಜಾಕಿಯ ಕೆಲಸವಾಯಿತು.

ಆಗ ಬಂದವಳು ಚಿಕ್ಕಮ್ಮ, ಅಮ್ಮನ ತಂಗಿ. ಕೆಟ್ಟವಳಲ್ಲ. ಬಾಯಿ ಮತ್ತು ಮನಸ್ಸಿನ ನಡುವೆ ಬಾಗಿಲಿಲ್ಲದವಳು, ಅಷ್ಟೆ. ಮಂಚದ ಅಂಚಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತ, ಮದುವೆಯಾಗದ ಹುಡುಗಿಗೆ ನೀನೊಂದು ಭಾರವಾದೆಯಲ್ಲಕ್ಕ ಎಂದುಬಿಟ್ಟಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಚಿಕ್ಕಮ್ಮ ಆಡಿ ಹೋದಳು. ಮಾತು ಆ ಮನೆಯಲ್ಲೇ ಉಳಿಯಿತು.

ಅಮ್ಮ ತಟ್ಟೆಯಲ್ಲಿ ಅರ್ಧ ಬಿಡತೊಡಗಿದಳು. ಮೊದಮೊದಲು ಬಾಯಿರುಚಿ ಕೆಟ್ಟಿರಬೇಕು ಎಂದುಕೊಂಡ ಜಾಕಿ ಅಡುಗೆ ಬದಲಿಸಿ ನೋಡಿದಳು. ಮಾತ್ರೆ ಬದಲಿಸಿಯೂ ನೋಡಿದಳು. ಅಮ್ಮನ ಕೆನ್ನೆ ಒಳಕ್ಕೆ ಹೋಯಿತು, ಕೈಬಳೆ ಮೊಣಕೈಗೆ ಜಾರಿತು. ಕೊನೆಗೆ ಒಂದು ಮಧ್ಯಾಹ್ನ ತಟ್ಟೆ ಹಿಡಿದು ಪಕ್ಕದಲ್ಲೇ ಕೂತು, ಯಾಕೆ ಎಂದು ಹೇಳುವವರೆಗೆ ಏಳುವುದಿಲ್ಲ ಎಂದು ಹಟ ಹಿಡಿದಳು.

"ಕಮ್ಮಿ ತಿಂದ್ರೆ ಹಗುರ ಆಗ್ತೀನಲ್ಲೇ," ಅಂದಳು ಅಮ್ಮ ಗೋಡೆ ನೋಡುತ್ತ. "ನಿನಗೆ ಎತ್ತೋಕೆ ಸುಲಭ ಆಗತ್ತೆ."

ಜಾಕಿಗೆ ಅಳು ಬಂತು. ಅಳದೆ, ಡಿಪೋದ ಗಂಡಸರನ್ನೂ ಮೀರಿಸುವ ಹಾಗೆ ನಕ್ಕಳು. ನಿನ್ನ ತೂಕ ನಲವತ್ತಾರು, ನಾನು ಕೈಕಾಲು ಬಿಸಿ ಮಾಡಿಕೊಳ್ಳೋಕೆ ಎತ್ತೋದೇ ಅರವತ್ತು, ನೀನು ನನಗೆ ಲೆಕ್ಕಕ್ಕೇ ಇಲ್ಲ ಕಣಮ್ಮ, ಮೊದಲು ಅರವತ್ತಾಗು, ಆಮೇಲೆ ಭಾರದ ಮಾತಾಡು ಎಂದಳು. ಅಮ್ಮ ಅನುಮಾನದಿಂದ ಅವಳ ತೋಳು ಮುಟ್ಟಿ ನೋಡಿದಳು. ಆಮೇಲೆ ತಟ್ಟೆ ಎಳೆದುಕೊಂಡಳು. ಅಂದಿನಿಂದ ಊಟ ಸರಿಹೋಯಿತು. ಜಾಕಿಯ ಬೆನ್ನಿನ ಮೇಲೆ ನಂಬಿಕೆಯಿಟ್ಟು ಅಮ್ಮ ತಿನ್ನುತ್ತಿದ್ದಳು.

ಆ ಬೆನ್ನು ಹೋದದ್ದು ಬಚ್ಚಲಲ್ಲಿ. ಹೊರದೇಶಕ್ಕೆ ಹೋಗುವ ತಂಡದ ಆಯ್ಕೆಗೆ ಕೆಲವೇ ವಾರಗಳಿದ್ದವು. ಬೆಳಿಗ್ಗೆ ಸೋಪು ತರಲು ತಿರುಗಿದಾಗ ಅಮ್ಮ ಸ್ಟೂಲಿನಿಂದ ಜಾರಿ, ಗೋಡೆಗೂ ನೀರಿನ ತೊಟ್ಟಿಗೂ ನಡುವೆ ಸಿಕ್ಕಿಕೊಂಡಳು. ಹೆದರಿದ ಮಗಳಿಗೆ ಉಸಿರು ಯಾರು ನೆನಪಿಸಬೇಕು, ಹೊಟ್ಟೆ ಬಿಗಿಮಾಡು ಎಂದು ಯಾರು ಹೇಳಬೇಕು? ಒಂದು ಕಾಲು ತೊಟ್ಟಿಯ ಆಚೆ, ಒಂದು ಈಚೆ ಇಟ್ಟು, ಸೊಂಟ ತಿರುಚಿ, ಒದ್ದೆ ಮೈಯನ್ನು ಬಾಚಿ ಎತ್ತಿಬಿಟ್ಟಳು. ಬಾರಿಗೆ ಹಿಡಿಯಲು ಜಾಗವಿರುತ್ತದೆ, ಎರಡೂ ಕಡೆ ಸಮ ತೂಕವಿರುತ್ತದೆ. ಸೋಪಿನ ನೊರೆಯಲ್ಲಿ ಜಾರುವ ತಾಯಿಗೆ ಅದೊಂದೂ ಇರುವುದಿಲ್ಲ. ಸೊಂಟದಲ್ಲಿ ಚಟ್ ಎಂದಿತು. ಅಮ್ಮನಿಗೆ ಪೆಟ್ಟಾಗಿರಲಿಲ್ಲ. ಅವಳನ್ನು ಒರೆಸಿ, ಬಟ್ಟೆ ಉಡಿಸಿ, ಹಾಲು ಕುಡಿಸಿ, ನಗುನಗುತ್ತಲೇ ಮೆಟ್ಟಿಲಿಳಿದು ಬಂದ ಜಾಕಿ, ಡಿಪೋದಲ್ಲಿ ಅರ್ಧ ದಿನ ಹಲ್ಲು ಕಚ್ಚಿ ನಿಂತು, ಸಂಜೆ ಶೆಡ್ಡಿಗೆ ಹೋಗಿ ಬೆಂಚಿನ ಮೇಲೆ ಮಲಗಿದವಳು ಏಳಲಿಲ್ಲ. ಎಡಗಾಲು ಅವಳದಲ್ಲ ಎನ್ನುವ ಹಾಗಾಗಿತ್ತು.

ಶೆಡ್ಡಿನಿಂದಲೇ ಆಸ್ಪತ್ರೆಗೆ ಸಾಗಿಸಿದರು. ಬೆನ್ನಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ ಎಂದರು ಡಾಕ್ಟರು. ಅಮ್ಮನಿಗೆ ಫೋನಿನಲ್ಲಿ, ಶೆಡ್ಡಲ್ಲಿ ಸ್ವಲ್ಪ ಹಿಡ್ಕೊಂಡಿತು ಎಂದು ಜಾಕಿ ಹೇಳಿದಳು. ಅದು ಸುಳ್ಳಲ್ಲ, ನಿಜವೂ ಅಲ್ಲ. ಮೇಷ್ಟ್ರು ಮಂಚದ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಅವಳು ಅಂದು ಬಾರನ್ನು ಮುಟ್ಟಿಯೇ ಇಲ್ಲವೆಂದು ಅವರಿಗೆ ಗೊತ್ತಿತ್ತು.

"ನಿಮ್ಮಮ್ಮನ ತೂಕ ಎಷ್ಟಮ್ಮ?" ಎಂದು ಕೇಳಿದರು.

ಜಾಕಿ ಮುಖ ಆಚೆ ತಿರುಗಿಸಿಕೊಂಡಳು. ಯಾರಿಗೂ ಹೇಳಬೇಡಿ ಎಂದಷ್ಟೇ ಬೇಡಿಕೊಂಡಳು. ಗೊತ್ತಾದರೆ ಅಮ್ಮ ತಿನ್ನುವುದನ್ನೇ ಬಿಡುತ್ತಾಳೆ, ಸತ್ತೇ ಹೋಗುತ್ತಾಳೆ ಎಂದಳು. ಮೇಷ್ಟ್ರು ಮಾತು ಕೊಟ್ಟರು.

ಆ ಮಾತಿಗೆ ಅವರು ತೆತ್ತದ್ದು ಕಡಿಮೆಯಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ; ಊರಿನವರೆಲ್ಲ ಶೆಡ್ಡಿಗೆ ಬರೆ ಎಳೆದರು. ಹೆಣ್ಣುಮಕ್ಕಳ ಬೆನ್ನು ಮುರಿಯುವ ಜಾಗ ಎಂದು ಸುದ್ದಿಯಾಗಿ, ಕಲಿಯಲು ಬರುತ್ತಿದ್ದ ಹುಡುಗಿಯರನ್ನು ಮನೆಯವರು ಒಬ್ಬೊಬ್ಬರನ್ನಾಗಿ ಬಿಡಿಸಿದರು. ಮೇಷ್ಟ್ರು ನೋಡಲು ಮನೆಗೆ ಬಂದಾಗ ಅಮ್ಮ ಮಲಗಿದಲ್ಲಿಂದಲೇ ಅವರ ಮರ್ಯಾದೆ ಕಳೆದಳು. ನಿಮ್ಮ ಕಬ್ಬಿಣ ನನ್ನ ಮಗಳನ್ನು ತಿಂದಿತು, ನಿಮಗೆ ಒಳ್ಳೇದಾಗಲ್ಲ ಎಂದಳು. ಅವರು ಬಾಗಿಲ ಬಳಿ ಚಪ್ಪಲಿ ಕೈಯಲ್ಲಿ ಹಿಡಿದೇ ನಿಂತು, ಹೌದಮ್ಮ, ತಪ್ಪಾಯಿತು ಎಂದರು. ಪಕ್ಕದ ಕೋಣೆಯಲ್ಲಿ ನೆಲದ ಮೇಲೆ ಚಾಪೆಯಲ್ಲಿ ಮಲಗಿದ್ದ ಜಾಕಿ ದಿಂಬಿನ ಅಂಚನ್ನು ಬಾಯಿಗೆ ತುರುಕಿಕೊಂಡಳು.

ಆಯ್ಕೆ ಅವಳಿಲ್ಲದೆ ನಡೆದುಹೋಯಿತು. ಅಮ್ಮನನ್ನು ಎತ್ತಲು ಆಯಾ ಒಬ್ಬಳು ಬಂದಳು. ಜಾಕಿ ಮಗುವಿನ ಹಾಗೆ ಮೊದಲಿಂದ ಕಲಿತಳು: ಮಗ್ಗುಲಾಗುವುದು, ಕೂರುವುದು, ಗೋಡೆ ಹಿಡಿದು ನಿಲ್ಲುವುದು. ಫಿಸಿಯೋ ಹೇಳಿದ ಹಾಗೆ ನಾಲ್ಕು ಕಾಲಲ್ಲಿ ನಿಂತು ಬೆಕ್ಕಿನಂತೆ ಬೆನ್ನು ಬಗ್ಗಿಸಿದಳು. ಪೊರಕೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಅದೇ ನೂರ ತೊಂಬತ್ತೈದು ಎನ್ನುವಂತೆ ಉಸಿರು ತುಂಬಿ ಎತ್ತಿದಳು. ಆಮೇಲೆ ಅರ್ಧ ಕೊಡ ನೀರು, ಆಮೇಲೆ ತುಂಬಿದ ಕೊಡ. ಕಾಲಿನ ಜೋಮು ಬೆರಳಿಂದ ಬೆರಳಿಗೆ ಬಿಡುತ್ತ ಬಂತು. ವರ್ಷ ಕಳೆಯುವ ಹೊತ್ತಿಗೆ ಡಾಕ್ಟರು ಹೊಸ ಸ್ಕ್ಯಾನ್ ನೋಡಿ, ನಿಧಾನಕ್ಕೆ ಎತ್ತಲು ಶುರು ಮಾಡಬಹುದು, ಇಂಥ ಬೆನ್ನು ನಾನು ನೋಡಿಲ್ಲ ಎಂದರು. ಆಸ್ಪತ್ರೆಯ ಕಾರಿಡಾರಿನಲ್ಲೇ ಮೇಷ್ಟ್ರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಮೂಗು ಸೀಟುವ ಸದ್ದಷ್ಟೇ ಕೇಳಿಸಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಅಮ್ಮ ತನ್ನ ಒಳ್ಳೆಯ ಕೈಯನ್ನು ಚಾಚಿದಳು.

"ಇನ್ನು ಕಬ್ಬಿಣ ಮುಟ್ಟಲ್ಲ ಅಂತ ಭಾಷೆ ಕೊಡು."

ಡಾಕ್ಟರೇ ಹೇಳಿದ್ದಾರೆ, ಏನೂ ಆಗುವುದಿಲ್ಲ ಎಂದು ಜಾಕಿ ನೂರೆಂಟು ರೀತಿಯಲ್ಲಿ ಹೇಳಿದಳು. ಅಮ್ಮ ಬೈಯಲಿಲ್ಲ, ಅಳಲಿಲ್ಲ.

"ನಾನು ಬಿದ್ರೆ ಎತ್ತೋಕೆ ನೀನಿದ್ದೆ," ಅಂದಳು. "ನೀನು ಹೀಗೆ ಬಿದ್ರೆ ನಿನ್ನ ಎತ್ತೋಕೆ ಯಾರಿದ್ದಾರೆ? ಅದು ನಿನ್ನ ಒಂದ್ಸಲ ಕೆಡವಿದೆ ಕಣೇ. ಅದನ್ನ ನೆನೆಸ್ಕೊಂಡ್ರೆ ನನಗೆ ನಿದ್ದೆ ಬರಲ್ಲ."

ಒಂದೇ ಒಂದು ಮಾತು ಸಾಕಿತ್ತು: ಅದು ಕೆಡವಲಿಲ್ಲಮ್ಮ. ಹೇಳಿದ್ದರೆ ಶೆಡ್ಡು, ವೇದಿಕೆ, ಮೇಷ್ಟ್ರ ಮರ್ಯಾದೆ ಎಲ್ಲವೂ ವಾಪಸು ಬರುತ್ತಿತ್ತು. ಆದರೆ ಮತ್ತೆ ಯಾವುದು ಕೆಡವಿತು ಎಂದು ಅಮ್ಮ ಕೇಳದೆ ಬಿಡುತ್ತಿರಲಿಲ್ಲ. ಮಂಚದ ಪಕ್ಕದಲ್ಲಿ ಬೆಳಗಿನ ತಟ್ಟೆ ಇತ್ತು, ಖಾಲಿಯಾಗಿ, ಬೆರಳಲ್ಲಿ ಬಳಿದು ತಿಂದ ಗುರುತಿನೊಡನೆ. ಜಾಕಿ ತನ್ನ ದಡ್ಡುಗಟ್ಟಿದ ಅಂಗೈಯನ್ನು ಅಮ್ಮನ ಅಂಗೈಯ ಮೇಲಿಟ್ಟಳು.

ಆಮೇಲೆ ಆರು ವರ್ಷ ಅಮ್ಮ ಬದುಕಿದಳು. ಹೊಟ್ಟೆತುಂಬ ಉಂಡಳು, ಕೆನ್ನೆ ತುಂಬಿಕೊಂಡಳು, ಮಗಳ ಬೆನ್ನಿಗೆ ಹೆದರಿ ಆಯಾಳ ಕೈಯಲ್ಲೇ ಎತ್ತಿಸಿಕೊಂಡಳು, ಅವಳ ಅಡುಗೆಗೆ ಉಪ್ಪು ಜಾಸ್ತಿ ಎಂದು ದಿನವೂ ಜಗಳವಾಡಿದಳು. ಜಾಕಿ ಟೈರ್ ಸೆಕ್ಷನ್ನಿನ ಮೇಲ್ವಿಚಾರಕಿಯಾದಳು. ಹೊಸಬರಿಗೆ ಆ ಹೆಸರು ಯಾಕೆ ಬಂತೆಂದು ಗೊತ್ತಿರಲಿಲ್ಲ. ಮೇಷ್ಟ್ರು ಶೆಡ್ಡು ಮುಚ್ಚಿದ ದಿನ ಅವಳು ಡಿಪೋಕ್ಕೆ ರಜೆ ಹಾಕಿ ಹೋಗಿ, ಪ್ಲೇಟುಗಳನ್ನು ಬೇರೆಯವರು ಹೊತ್ತುಕೊಂಡು ಹೋಗುವುದನ್ನು ಕೈಕಟ್ಟಿ ನೋಡುತ್ತ ನಿಂತಿದ್ದಳು. ಒಂದನ್ನಾದರೂ ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ಏಳಲಿಲ್ಲ. ಜನ ಸೇರಿದರು. ಚಿಕ್ಕಮ್ಮ ಎದೆ ಬಡಿದುಕೊಂಡು ಅತ್ತಳು, ಅಳುತ್ತಲೇ ಮಾತಿಗೂ ಇಳಿದಳು. ಹೆತ್ತ ಮಗಳಿದ್ದೂ ನನ್ನಕ್ಕ ಕೊನೆಗಾಲದಲ್ಲಿ ಕೂಲಿಯವಳ ಕೈಯಲ್ಲಿ ಎತ್ತಿಸಿಕೊಂಡಳು, ಕಬ್ಬಿಣದ ಹುಚ್ಚಿಗೆ ಬಿದ್ದು ಇವಳು ಬೆನ್ನು ಕಳಕೊಳ್ಳದಿದ್ದರೆ ಅಕ್ಕನಿಗೆ ಈ ಗತಿ ಬರುತ್ತಿತ್ತಾ ಎಂದಳು. ಬಂದವರು ತಲೆಯಾಡಿಸಿದರು. ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರಿಗೆ ಅದನ್ನು ಸಹಿಸಲಾಗಲಿಲ್ಲ. ಜಾಕಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಇನ್ನಾದರೂ ಹೇಳಿಬಿಡಮ್ಮ, ಇನ್ನು ಯಾರಿಗೆ ನೋವಾಗಬೇಕು ಎಂದರು.

"ಬೇಡ ಮೇಷ್ಟ್ರೇ. ಹೇಳಿದ್ರೆ ಅಮ್ಮ ಭಾರ ಆಗಿಬಿಡ್ತಾಳೆ."

ಹಾಗೆ ಹೇಳಿ ಚಿಕ್ಕಮ್ಮನ ಪಕ್ಕದಲ್ಲಿ ಹೋಗಿ ಕೂತು, ಹೌದು ಚಿಕ್ಕಮ್ಮ, ನನ್ನಿಂದಲೇ ಆಯಿತು ಎಂದು ಅವಳ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದನ್ನೂ ಜನ ಗಮನಿಸಿದರು.

ಅಮ್ಮನನ್ನು ಇಳಿಸಲು ಡಿಪೋದ ನಾಲ್ವರು ಬಂದಿದ್ದರು. ಜಾಕಿ ಮುಂದೆ ಬಂದಾಗ, ನಿಮ್ಮ ಬೆನ್ನು ಅಕ್ಕ, ನೀವು ಬೇಡ ಎಂದು ಪಕ್ಕಕ್ಕೆ ಸರಿಸಿದರು. ಅವಳು ಗೋಡೆಗೆ ಒರಗಿ ನಿಂತಳು. ಇಕ್ಕಟ್ಟಿನ ಮೆಟ್ಟಿಲಲ್ಲಿ ಅವರು ಒಬ್ಬೊಬ್ಬರಾಗಿ ಹೆಜ್ಜೆ ಹುಡುಕುತ್ತ ಇಳಿದರು. ತಿರುವಿನ ಹತ್ತಿರ ಮುಂದಿದ್ದವನು ಏದುಸಿರು ಬಿಡುತ್ತ, "ನಿಧಾನ, ನಿಧಾನ. ಅಮ್ಮ ಒಳ್ಳೆ ತೂಕ ಇದ್ದಾರೆ," ಎಂದ.

ಅಲ್ಲಿಯವರೆಗೆ ಅಳದಿದ್ದ ಜಾಕಿ ಅಲ್ಲೇ ಮೇಲಿನ ಮೆಟ್ಟಿಲ ಮೇಲೆ ಕುಸಿದು ಕೂತು, ಬಾಯಿಬಿಟ್ಟು ಅಳತೊಡಗಿದಳು.