ವಿಭೂತಿ ಹಚ್ಚಿದ ಮೆಮರಿ ಪಟ್ಟಿ

ಶಹಾಬಾದಿನ ಹೊರಗೆ ಒಂದು ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ನಾನು ಬಹಳ ವರ್ಷ ತೂಕದ ಕಟ್ಟೆ ನೋಡಿಕೊಂಡೆ. ಕಲ್ಲು ತುಂಬಿದ ಲಾರಿ ಕಟ್ಟೆ ಹತ್ತುತ್ತಿತ್ತು, ಕಂಪ್ಯೂಟರಿನಲ್ಲಿ ತೂಕ ಬರುತ್ತಿತ್ತು, ನಾನು ಚೀಟಿ ಹರಿದು ಕೊಡುತ್ತಿದ್ದೆ. ನಾನು ಓದಿದ್ದು ಸೇಡಂನಲ್ಲಿ, ಹತ್ತನೆಯ ತರಗತಿವರೆಗೆ. ಕಂಪ್ಯೂಟರಿನ ಬಗ್ಗೆ ತಿಳಿದದ್ದೆಲ್ಲ ವಾಡಿಯಿಂದ ಬರುತ್ತಿದ್ದ ರಿಪೇರಿಯವನು ಹೇಳಿದ್ದು.

"ಚಾಲೂ ಮಾಡಿದ ಕೂಡ್ಲೇ ಇದು ಕೆಲಸಕ್ಕ ಹತ್ತಂಗಿಲ್ರಿ," ಎಂದಿದ್ದ ಅವನು. "ಮೊದಲ ಹಾಜರಿ ತಗೋತದ. ಮೆಮರಿ ಎಷ್ಟದ, ಕೀಬೋರ್ಡ್ ಅದನೋ ಇಲ್ಲೋ, ಡಿಸ್ಕ್ ಅದನೋ ಇಲ್ಲೋ. ಎಲ್ಲಾ ನೋಡಿದ ಮ್ಯಾಲೇ ಸಿಸ್ಟಮ್ ಏಳೋದು. ಮುಚ್ಚಳಾ ಮಾತ್ರ ನೀವು ತೆಗೀಬ್ಯಾಡ್ರಿ."

ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡುತ್ತಿದ್ದವು. ಒಂದು ಕೀಲಿ ಒತ್ತಿದರೆ ನಿಲ್ಲುತ್ತವೆ ಎಂದು ಕಂಡುಕೊಂಡೆ. ದಿನವೂ ಬೆಳಿಗ್ಗೆ ನಿಲ್ಲಿಸಿ, ಯಂತ್ರ ಏನೇನು ಗುರುತಿಸಿತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಯಾರೂ ಬರೆ ಎಂದಿರಲಿಲ್ಲ.

ಆ ಕೋಣೆ ಗುಡಿಸುತ್ತಿದ್ದವಳು ಸನ್ನತಿಯ ಹೆಂಗಸು, ಹೊಳೆಯಲ್ಲಿ ಮೀನು ಹಿಡಿಯುವ ಮನೆತನದವಳು. ಗಂಡ ತೀರಿದ ಮೇಲೆ ಮಗ ಸೊಸೆಯ ಜೊತೆ ವಾಡಿಯಲ್ಲಿ ಕೋಣೆ ಹಿಡಿದಿದ್ದಳು. ನಾನು ಪರದೆ ನಿಲ್ಲಿಸಿ ಬರೆಯುವುದನ್ನು ನೋಡಿ ಕಸಬರಿಗೆ ಹಿಡಿದು ನಿಲ್ಲುತ್ತಿದ್ದಳು.

"ಯಣ್ಣಾ, ನಿಮ್ಮ ಡಬ್ಬಿ ಎದ್ದಿತೇನ್ರಿ? ನನ್ನ ಸೊಸಿನೂ ಏಳಾಕ ಇಷ್ಟೊತ್ತು ಮಾಡಂಗಿಲ್ಲ."

ಒಂದು ವರ್ಷ ದಸರೆಯ ಖಂಡೆ ಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ಉಳಿ, ಗರಗಸ, ಮೋಟರು ತೊಳೆದು ವಿಭೂತಿ ಹಚ್ಚುತ್ತಿದ್ದರು. ನನ್ನ ಪಾಲಿಗೆ ಕಂಪ್ಯೂಟರು. ಒಳಗೆ ಕಲ್ಲಿನ ಧೂಳು ತುಂಬಿರಬಹುದೆಂದು ಮುಚ್ಚಳ ತೆಗೆದೆ. ಒಳಗೆ ಬೆರಳುದ್ದದ ಎರಡು ಹಸಿರು ಪಟ್ಟಿಗಳಿದ್ದವು, ಅವೇ ಮೆಮರಿ. ಒಂದನ್ನು ಕಿತ್ತು ಒರೆಸಿದೆ. ಕೈಯಲ್ಲಿ ವಿಭೂತಿ ಇತ್ತು. ಎಲ್ಲದಕ್ಕೂ ಹಚ್ಚಿದಂತೆ ಅದಕ್ಕೂ ಮೂರು ಬೆರಳು ಎಳೆದು, ಮತ್ತೆ ಜಾಗದಲ್ಲಿ ಒತ್ತಿದೆ.

ಮರುದಿನ ಯಂತ್ರ ಅರ್ಧ ಮೆಮರಿಯನ್ನಷ್ಟೇ ತೋರಿಸಿತು. ಕಾರ್ಖಾನೆಯ ಸಾಹುಕಾರರಿಗೆ ಹೇಳಿದೆ. ಮುಚ್ಚಳ ತೆಗೆದದ್ದನ್ನು ಹೇಳಲಿಲ್ಲ. ಅವರು ವಾಡಿಗೆ ಫೋನ್ ಮಾಡಿದರು. ಇಂಥ ಪಟ್ಟಿ ಕದ್ದು ಮಾರುವವರಿದ್ದಾರೆ, ನಾಲ್ಕು ದಿನ ಬಿಟ್ಟು ಬಂದು ನೋಡುತ್ತೇನೆ ಎಂದ ರಿಪೇರಿಯವನು.

"ಈ ಖೋಲಿಗಿ ಯಾರ್ ಯಾರು ಬರ್ತಾರ?" ಎಂದು ಸಾಹುಕಾರರು ಕೇಳಿದರು.

"ನನ್ನ ಬಿಟ್ರ ಆಕಿ ಒಬ್ಬಾಕೇ ರೀ," ಎಂದೆ.

ಅವಳನ್ನು ಕರೆಸಿದರು. ಕೂಲಿಯವರ ಮುಕಾದಮನಿದ್ದ, ಲಾರಿಯವರಿದ್ದರು.

"ಕಸಬರಗಿ ಬಿಟ್ಟು ನಾ ಏನೂ ಮುಟ್ಟಿಲ್ರಿ," ಎಂದು ಅವಳು ನನ್ನ ಕಡೆ ತಿರುಗಿದಳು. "ಯಣ್ಣಾ, ನೀವಾರ ಹೇಳ್ರಿ."

ನಾನು ವಹಿಯನ್ನು ನೋಡುತ್ತ ನಿಂತೆ.

"ಹೊಳಿಯಾಗ ಮೀನಾ ಹಿಡಿಯೋ ಕೈ ಅದು," ಎಂದ ಮುಕಾದಮ. "ಎಷ್ಟು ಸಣ್ಣದಿದ್ರೂ ಬಿಡಂಗಿಲ್ಲ." ಯಾರೋ ನಕ್ಕರು. ಅವಳು ಕಸಬರಿಗೆಯನ್ನು ಗೋಡೆಗೆ ಆನಿಸಿ ಇಟ್ಟು ಹೋದಳು. ಮತ್ತೆ ಬರಬೇಡ ಎಂದು ಸಾಹುಕಾರರು ಹಿಂದಿನಿಂದ ಕೂಗಿ ಹೇಳಿದರು.

ಮೂರನೆಯ ದಿನ ಊಟದ ಹೊತ್ತಿನಲ್ಲಿ ಮುಚ್ಚಳ ಮತ್ತೆ ತೆಗೆದೆ. ಪಟ್ಟಿ ಅಲ್ಲೇ ಇತ್ತು. ಅದರ ಹಳದಿ ಹಲ್ಲುಗಳ ಮೇಲೆ ವಿಭೂತಿ ಕೂತಿತ್ತು. ರಬ್ಬರಿನಿಂದ ತಿಕ್ಕಿ ಹಾಕಿ ಚಾಲೂ ಮಾಡಿದೆ. ಮೆಮರಿ ಪೂರ್ತಿ ಬಂತು.

ಸಾಹುಕಾರರು ಮೂವತ್ತು ಹೆಜ್ಜೆ ದೂರದಲ್ಲಿದ್ದರು. ಕರೆದಿದ್ದರೆ ಮುಗಿಯುತ್ತಿತ್ತು. ನಾನು ಯಂತ್ರ ಬಂದ್ ಮಾಡಿ, ಆ ಪಟ್ಟಿಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಕೊರಳಿನ ಲಿಂಗದ ಪಕ್ಕಕ್ಕೇ ಅದೂ ಇತ್ತು. ರಿಪೇರಿಯವನು ಬಂದು ಖಾಲಿ ಜಾಗ ನೋಡಿ, "ಕಳುವಾಗ್ಯಾದ ನೋಡ್ರಿ," ಎಂದ. ವಹಿಯಲ್ಲಿ ನಾನು ಅರ್ಧ ಎಂದೇ ಬರೆಯುತ್ತ ಹೋದೆ.

ಆಮೇಲೂ ಆರು ವರ್ಷ ಅಲ್ಲೇ ಕೆಲಸ ಮಾಡಿದೆ. ಉಂಡೆ, ಮಲಗಿದೆ, ದಿನಾ ಪೂಜೆ ಮಾಡಿದೆ. ನಿದ್ದೆ ಕೆಟ್ಟಿತು ಎಂದು ಬರೆದರೆ ಸುಳ್ಳಾದೀತು. ಪಟ್ಟಿ ಕನ್ನಡಕದ ಡಬ್ಬಿಯಲ್ಲಿತ್ತು. ಈ ವರ್ಷ ಡಬ್ಬಿ ಮುರಿಯಿತು, ಪಟ್ಟಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ಊರಿಗೆ ವಾಪಸಾಗಿದ್ದಾಳೆಂದು ಕೇಳಿದ್ದೆ, ಚಿತ್ತಾಪುರಕ್ಕೆ ಹೋಗಿ ಸನ್ನತಿಯ ಬಸ್ಸು ಹತ್ತಿದೆ.

ಅವಳು ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, "ಬರ್ರಿ, ಕುಂದ್ರಿ," ಎಂದಳು. ನಾನು ನಿಂತೇ ಎಲ್ಲ ಹೇಳಿದೆ, ಪಟ್ಟಿ ಕೊಟ್ಟೆ. ಅವಳು ಎರಡು ಬೆರಳಿನಲ್ಲಿ ಹಿಡಿದು ಹಿಂದೆ ಮುಂದೆ ನೋಡಿದಳು.

"ಇಷ್ಟೇ ಏನ್ರಿ ಅದು?"

"ಇಷ್ಟೇ," ಎಂದೆ.

"ನನ್ನ ಸೊಸಿ ತವರಿನವರು ಚಿಂಚೋಳಿಯಾಗ ಅದಾರ. ಅವರಿಗಿ ಸುದ್ದಿ ಮುಟ್ಟಿ, ನಿಮ್ಮತ್ತಿ ಏನ್ ಕದ್ದಾಳ ಅಂತ ಕೇಳಿದ್ರು. ಆಕಿ ಬಂದು ನನ್ನ ಕೇಳಿದ್ಳು. ಏನಂತ ಹೇಳಬೇಕಿತ್ರಿ? ಅದು ಹ್ಯಾಂಗಿರ್ತದ ಅಂತ ನಾ ಇವತ್ತೇ ನೋಡ್ಲಿಕತ್ತೀನಿ."

ನಾನು ಕೈಮುಗಿದೆ.

"ನನಗ್ಯಾಕ ಹೇಳ್ತೀರಿ? ನಾ ತಗೊಂಡಿಲ್ಲ ಅಂಬೋದು ನನಗ ಗೊತ್ತೇ ಇತ್ತಲ್ರಿ. ಗೊತ್ತಿಲ್ದವರಿಗಿ ಹೋಗಿ ಹೇಳ್ರಿ."

ಪಟ್ಟಿಯನ್ನು ವಾಪಸು ಕೊಟ್ಟಳು. ಚಹಾ ಕುಡಿದು ಹೋಗಿರಿ ಎಂದಳು. ಕುಡಿದೆ.

ಶಹಾಬಾದಿಗೆ ಹೋಗಿ ಹೇಳಿದೆ. "ಆ ಕಂಪ್ಯೂಟರ್ ಗುಜರಿಗಿ ಹೋಗಿ ಎಷ್ಟೋ ವರ್ಷಾತು, ಬಿಡ್ರಿ," ಎಂದರು ಸಾಹುಕಾರರು. ಮುಕಾದಮ ಹಾಸಿಗೆ ಹಿಡಿದಿದ್ದ. ಕೇಳಿ, "ನೀವಾ?" ಎಂದ.

ಮೊನ್ನೆ ಚಿಂಚೋಳಿಗೆ ಹೋದೆ. ಸೊಸೆಯ ತಂದೆ ನನ್ನನ್ನು ಹಿಂದೆಂದೂ ನೋಡಿದವರಲ್ಲ. ಬಾಗಿಲಲ್ಲೇ ಹೇಳಿದೆ. ಅವರು ಮನೆಯವರನ್ನೆಲ್ಲ ಹೊರಗೆ ಕರೆದು, ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ. ಪಟ್ಟಿ ಕೈಯಿಂದ ಕೈಗೆ ಹೋಯಿತು.

"ಇದಕ್ಕ?" ಎಂದರು ಅವರು.

"ಇದಕ್ಕೇ," ಎಂದೆ. ಅವರು ಅದನ್ನು ನನಗೆ ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.